ನಿಮ್ಮದು ಯಾವ ಸೀಮೆ?

ಈಚೆಗೆ ನಮ್ಮ ಪಾಠಶಾಲೆಗಳಲ್ಲಿ ಒಂದು ಹೊಸ ಪದ್ಧತಿ ಕಾಣಬರುತ್ತಿದೆ. ದೂರದೇಶದ ಯಾವುದೋ ಒಂದು ಶಾಲೆಗೂ ಇಲ್ಲಿಯ ಒಂದು ಶಾಲೆಗೂ ನಂಟು ಬೆಳೆಸುತ್ತಾರೆ. ಅಲ್ಲಿಯ ಮಕ್ಕಳು ತಮ್ಮ ಶಾಲೆಯನ್ನೂ ದೇಶವನ್ನೂ ಇಲ್ಲಿಯವರಿಗೆ ಪರಿಚಯ ಮಾಡಿಕೊಡುತ್ತಾರೆ. ಇಲ್ಲಿಯ ಮಕ್ಕಳು ತಮ್ಮದನ್ನು ಅಲ್ಲಿಯವರಿಗೆ. ಕಾಗದ ಬರೆಯುವುದೂ ಉಂಟು, ಪರದೆಯ ಮೇಲೆ ಮುಖ ನೋಡಿಕೊಂಡು ಮಾತನಾಡುವುದೂ ಉಂಟು. ಒಳ್ಳೆಯ ಪದ್ಧತಿಯೇ. ಗುಂಡ್ಲುಪೇಟೆಯ ಕಡೆ ಉಪಾಧ್ಯಾಯರಾಗಿರುವ ಮಿತ್ರರೊಬ್ಬರು ತಮ್ಮ ಮಕ್ಕಳು ಬರೆದ ಇಂಥ ಪರಿಚಯಪತ್ರಗಳ ಒಂದು ಕಟ್ಟನ್ನು ಕೆಲವು ದಿನಗಳ ಕೆಳಗೆ ನನಗೆ ಓದಲು ಕೊಟ್ಟರು. ನಮ್ಮ ರಾಜಧಾನಿ ದೆಹಲಿ, ನಮ್ಮ ರಾಷ್ಟ್ರಪಕ್ಷಿ ನವಿಲು, ತಾಜಮಹಲು ನಮ್ಮ ದೇಶದಲ್ಲಿದೆ - ಮೂವತ್ತು ಪತ್ರಗಳಲ್ಲೂ ಇದೇ. ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೆ ಶಾಲೆಯ ಬೇಲಿಯಾಚೆ ಎಕರೆಗಟ್ಟಲೆ ಅರಳಿ ನಿಂತಿರುವ ಚೆಂಡುಹೂವಿನ ಸುದ್ದಿಯಿಲ್ಲ. ಅದನ್ನು ತುಂಬಿಕೊಂಡು ಹೋಗಲು ಕೇರಳದಿಂದ ಬರುವ ಲಾರಿಗಳ ಸುದ್ದಿಯಿಲ್ಲ. ಹೊಲಕ್ಕೆ ಆನೆ ಬಿದ್ದ ರಾತ್ರಿ ತಗಡು ಬಡಿಯುತ್ತ ಕುಳಿತ ತಂದೆಯ ಸುದ್ದಿಯಿಲ್ಲ. ನವಿಲೇನೋ ಬಂಡೀಪುರದ ಅಂಚಿನ ಹೊಲಗಳಲ್ಲಿ ದಿನಬೆಳಗಾದರೆ ಕಾಳು ಹೆಕ್ಕುತ್ತದೆ. ಪತ್ರಕ್ಕೆ ಬಂದದ್ದು ಆ ನವಿಲಲ್ಲ, ಪುಸ್ತಕದ ನವಿಲು.

ಮಕ್ಕಳನ್ನು ದೂರುವುದು ತರವಲ್ಲ. ತನ್ನ ನಾಡನ್ನು ಪರಸ್ಥಳದವನಿಗೆ ಪರಿಚಯ ಮಾಡಿಕೊಡಲು ಹೊರಟವನು ಮೊದಲು ನೋಡುವುದು ತನ್ನ ನಾಡನ್ನಲ್ಲ, ಕೇಳುವವನ ಮುಖವನ್ನು. ಅವನಿಗೆ ಏನು ಬೇಕಾಗಿರಬಹುದು ಎಂದು ಊಹಿಸಿ, ಅದಕ್ಕೆ ತಕ್ಕಂತೆ ಉತ್ತರ ಹೇಳುತ್ತಾನೆ. ದೊಡ್ಡವರೂ ಹೀಗೆಯೇ. ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಈ ಮೂಲೆಯಲ್ಲಂತೂ ಈ ಕೆಲಸ ಇನ್ನೂರು ವರ್ಷಗಳಿಗೂ ಹಿಂದಿನಿಂದ ನಡೆದುಬಂದಿದೆ. ಇಲ್ಲಿಯವರನ್ನು ಯಾರು ಯಾರು ಬಂದು ‘ನಿಮ್ಮದು ಯಾವ ಸೀಮೆ?’ ಎಂದು ಕೇಳಿದರು, ಇವರು ಏನು ಹೇಳಿದರು, ಶಾಲೆಗಳು ಬಂದ ಮೇಲೆ ಆ ಪ್ರಶ್ನೋತ್ತರ ಏನಾಯಿತು ಎಂಬುದನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ನನ್ನ ಆಸೆ.

ಸೀಮೆ ಎಂಬ ಮಾತೇ ಒಂದು ಸೋಜಿಗ. ಸಂಸ್ಕೃತದಲ್ಲಿ ಅದು ಎಲ್ಲೆ, ಗಡಿ. ಕನ್ನಡದಲ್ಲಿ ಗಡಿಯೊಳಗಿನ ನಾಡೂ ಸೀಮೆಯೇ. ‘ನಮ್ಮ ಸೀಮೆಯ ರಾಗಿ’ ಎನ್ನುತ್ತೇವೆ. ಗಡಿಯಾಚೆಯಿಂದ ಬಂದದ್ದೂ ಸೀಮೆಯೇ. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ನಾನು ದಿನವೂ ತರಗತಿಯಲ್ಲಿ ಕೈಗೆತ್ತಿಕೊಳ್ಳುವ ಸುಣ್ಣದ ಕಡ್ಡಿಗೆ ಸೀಮೆಸುಣ್ಣವೆಂದೇ ಹೆಸರು. ಒಂದೇ ಮಾತು ಮನೆಯನ್ನೂ ಹೇಳುತ್ತದೆ, ಹೊರಗನ್ನೂ ಹೇಳುತ್ತದೆ. ಗಡಿನಾಡಿನಲ್ಲಿ ಬಾಳುವವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ನಮ್ಮ ಎರಡು ಊರುಗಳ ಹೆಸರುಗಳೇ ಇನ್ನೊಬ್ಬರು ಇಟ್ಟವು. ಚಾಮರಾಜನಗರವು ಮೊದಲು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು 1818ರಲ್ಲಿ ಅದಕ್ಕೆ ಈ ಹೆಸರನ್ನು ಕೊಟ್ಟರು. ಗುಂಡ್ಲುಪೇಟೆ ಹಿಂದೆ ವಿಜಯಪುರವೆನಿಸಿತ್ತು. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಅಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಎರಡು ಊರುಗಳಲ್ಲಿಯೂ ಅರಸುಮಕ್ಕಳು ತಂದೆಯರಿಗೆ ಸಲ್ಲಿಸಿದ ಕಾಣಿಕೆಗಳಿವೆ. ನಾನು ಹೇಳಹೊರಟಿರುವ ಕಥೆ ಆರಂಭವಾಗುವ ಹೊತ್ತಿಗೆ ಚಾಮರಾಜನಗರ ಇನ್ನೂ ಅರಿಕುಠಾರವೇ ಆಗಿದ್ದಿತು.

ಚಾಮರಾಜನಗರದ ತಾಲ್ಲೂಕಿನಲ್ಲಿ ಮಲೆಯೂರು ಎಂಬ ಗ್ರಾಮವಿದೆ. ಅದರ ಬೆಟ್ಟ ಕನಕಗಿರಿ. ಜೈನರಿಗೆ ಪವಿತ್ರ ಕ್ಷೇತ್ರ. ಅಲ್ಲಿಯ ಜೈನಬ್ರಾಹ್ಮಣ ಮನೆತನದಲ್ಲಿ 1770ರಲ್ಲಿ ಹುಟ್ಟಿದವನು ದೇವಚಂದ್ರ. 1804ರಲ್ಲಿ ಈ ಬೆಟ್ಟಕ್ಕೆ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದ. ಇಂಗ್ಲಿಷ್ ಅಧಿಕಾರಿ ಎಂದು ನಾವು ವಾಡಿಕೆಯಂತೆ ಹೇಳುವುದೇ ಹೊರತು, ಕಾಲಿನ್ ಮೆಕೆಂಜಿ ಇಂಗ್ಲೆಂಡಿನವನಲ್ಲ. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸಮುದ್ರದಲ್ಲಿರುವ ಲ್ಯೂಯಿಸ್ ದ್ವೀಪದ ಸ್ಟಾರ್ನೊವೆ ಅವನ ಊರು. ಗೇಲಿಕ್ ಭಾಷೆಯನ್ನಾಡುವ ಜನದ ನಾಡು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಯುವ ಕೆಲಸ ಅವನ ಪಾಲಿಗೆ ಬಂದಿದ್ದಿತು. ಮುಂದೆ 1815ರಲ್ಲಿ ಇಡೀ ಭಾರತಕ್ಕೆ ಮೊದಲನೆಯ ಸರ್ವೇಯರ್ ಜನರಲ್ ಆದವನೂ ಅವನೇ. ನೆಲವನ್ನು ಅಳೆಯುವುದಷ್ಟೇ ಅವನಿಗೆ ಸಾಲದಾಯಿತು. ಊರೂರಿನ ಕಥೆ ಏನು, ಯಾವ ದೊರೆ ಆಳಿದ, ಯಾವ ದೇವಸ್ಥಾನಕ್ಕೆ ಯಾವ ದತ್ತಿ, ಯಾವ ಜಾತಿಯ ಆಚಾರ ಏನು - ಎಲ್ಲವೂ ಬೇಕು. ಅವನಿಗೆ ದೇಶಭಾಷೆಗಳು ಬಾರವು. ಅವನ ಕಣ್ಣು ಕಿವಿಗಳಾಗಿದ್ದವರು ಏಲೂರಿನಿಂದ ಬಂದ ತೆಲುಗರು, ಕಾವಲಿ ಮನೆತನದ ಸೋದರರು. ಲಕ್ಷ್ಮಯ್ಯ ಅವರಲ್ಲೊಬ್ಬ.

ಗ್ರಾಮಗ್ರಾಮಗಳಲ್ಲಿ ಶಾನುಭೋಗರನ್ನು ಕರೆಸಿ, ಪ್ರಶ್ನೆ ಕೊಟ್ಟು, ಉತ್ತರ ಬರೆಸಿಕೊಳ್ಳುತ್ತಿದ್ದರು. ಆ ಉತ್ತರಗಳಿಗೆ ಕೈಫಿಯತ್ತು ಎಂದು ಹೆಸರು. ಇವು ಇಂದಿಗೂ ಉಳಿದಿವೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದಿದ್ದಾರೆ. ಓದಿ ನೋಡಿದರೆ ನನಗೆ ಮೂವತ್ತು ಮಕ್ಕಳ ಪತ್ರಗಳೇ ನೆನಪಿಗೆ ಬರುತ್ತವೆ. ಶಾನುಭೋಗ ಬಲು ಜಾಣ. ಕೇಳುತ್ತಿರುವುದು ಹೊಸ ಸರ್ಕಾರದ ಕಡೆಯವರು; ನಾಳೆ ಈ ಕಾಗದ ಯಾರ ಕೈ ಸೇರುವುದೋ ಏನೋ. ಆದುದರಿಂದ ದೇವರ ಮಹಿಮೆ, ದೊರೆಯ ಔದಾರ್ಯ, ಇನಾಮು ಮಾನ್ಯಗಳ ವಿವರ ಸೊಗಸಾಗಿ ಬರುತ್ತವೆ. ಮಳೆ ಹೋದ ವರ್ಷ ಊರು ಏನು ತಿಂದಿತು ಎಂಬುದು ಅಷ್ಟಾಗಿ ಬರುವುದಿಲ್ಲ. ಕೇಳಿದವನಿಗೆ ಬೇಕಾದ ನವಿಲನ್ನು ಶಾನುಭೋಗನೂ ಹಿಡಿದು ಕೊಟ್ಟ.

ದೇವಚಂದ್ರನದು ಬೇರೆ ಹಾದಿ. ಅವನೂ ಕೆಲವು ಕಾಲ ಮೆಕೆಂಜಿಯ ಜೊತೆಯಲ್ಲಿದ್ದು, ಹಳೆಯ ಸಂಗತಿಗಳನ್ನು ಹೇಳಿದವನೇ. ಆದರೆ ದೊರೆಯ ಡೇರೆ ಎದ್ದುಹೋದ ಮೇಲೂ ಅವನೊಳಗಿನ ಪ್ರಶ್ನೆ ಏಳಲಿಲ್ಲ. ಪರದೇಶದವನೊಬ್ಬ ಬಂದು ‘ನಿಮ್ಮ ನಾಡಿನ ಕಥೆಯೇನು’ ಎಂದು ಕೇಳಿದ. ಹೇಳಹೊರಟಾಗ ಹೇಳಬೇಕಾದದ್ದು ಎಷ್ಟೊಂದಿದೆ ಎಂದು ತನಗೇ ತಿಳಿಯಿತು. ಮೂರು ದಶಕಗಳಿಗೂ ಮೀರಿ ಸಂಗ್ರಹಿಸಿ, ಜೋಡಿಸಿ, ಕೊನೆಗೆ 1838ರ ಸುಮಾರಿಗೆ ಅವನು ಸಿದ್ಧಗೊಳಿಸಿದ ಗ್ರಂಥವೇ ರಾಜಾವಳಿ ಕಥೆ. ಅದರಲ್ಲಿ ಪುರಾಣವುಂಟು, ಚರಿತ್ರೆಯುಂಟು, ಕವಿಗಳ ಕಥೆಯುಂಟು, ಜಾತಿಗಳ ಹುಟ್ಟಿನ ವಿಚಾರವುಂಟು, ಹೈದರ್ ಟಿಪ್ಪುಗಳ ಕಾಲದ ಮಾತೂ ಉಂಟು. ಜೈನನ ಕಣ್ಣಿನಿಂದ ಕಂಡ ಕರ್ಣಾಟಕ ಅದು. ಪಕ್ಷಪಾತವೂ ಇದೆ, ಇತಿಹಾಸಕಾರರು ಅದನ್ನು ಹಿಡಿದು ಝಾಡಿಸಿದ್ದಾರೆ. ಆದರೆ ನಾನು ಗಮನಿಸುವ ಸಂಗತಿ ಬೇರೆ. ಅದು ಇಂಗ್ಲಿಷಿನಲ್ಲಿಲ್ಲ, ಮೆಕೆಂಜಿಗಾಗಿ ಬರೆದುದೂ ಅಲ್ಲ. ಆ ಹೊತ್ತಿಗೆ ಮೆಕೆಂಜಿ ತೀರಿಕೊಂಡು ಹದಿನೇಳು ವರ್ಷವಾಗಿದ್ದಿತು. ಪರದೇಶದವನಿಗೆ ಕೊಡಬೇಕಾದ ಉತ್ತರವನ್ನು ದೇವಚಂದ್ರ ತನ್ನವರಿಗಾಗಿ ಕನ್ನಡದಲ್ಲಿ ಬರೆದ.

ಒಂದು ಕೊರತೆ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಎಲ್ಲವನ್ನೂ ಕೂಡಿಡುವ ಸ್ವಭಾವದ ದೇವಚಂದ್ರ, ಎದುರಿಗೆ ಕುಳಿತಿದ್ದವನನ್ನು ‘ಸ್ವಾಮಿ, ತಮ್ಮದು ಯಾವ ಸೀಮೆ?’ ಎಂದು ಕೇಳಿದನೆ? ಸಮುದ್ರದ ನಡುವಿನ ಆ ದ್ವೀಪ, ಅಲ್ಲಿಯ ಬಿರುಗಾಳಿ, ಅದರ ಬೇರೆ ಭಾಷೆ - ಇವುಗಳ ಒಂದು ಸುಳಿವೂ ರಾಜಾವಳಿ ಕಥೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕೇಳುವ ಹಕ್ಕು ಒಂದು ಕಡೆಗೆ, ಹೇಳುವ ಹೊಣೆ ಇನ್ನೊಂದು ಕಡೆಗೆ. ಕೇಳಿದ್ದರೆ ಮೆಕೆಂಜಿಗೂ ಸಂತೋಷವಾಗುತ್ತಿತ್ತೋ ಏನೋ; ಊರು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿದ್ದಿತು.

ಆಗಿನ ನಮ್ಮ ಶಾಲೆಗಳೆಂದರೆ ಕೂಲಿಮಠಗಳು. ಐಗಳ ಮನೆಯ ಜಗಲಿ, ಮರಳಿನ ಮೇಲೆ ಬೆರಳು, ಮಗ್ಗಿ, ಅಮರಕೋಶ, ಜೈಮಿನಿ ಭಾರತ. ಅಲ್ಲಿ ಭೂಗೋಳವೆಂಬ ಪಾಠವೇ ಇರಲಿಲ್ಲ ಎಂದು ಹಿಂದಿನವರು ಆಡಿಕೊಂಡದ್ದುಂಟು. ನಾನು ಪೂರ್ತಿ ಒಪ್ಪುವುದಿಲ್ಲ. ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆ ದೇಶದಿಂದ ದೇಶಕ್ಕೆ ನುಗ್ಗುತ್ತದೆ. ಹೋದ ಹೋದ ಕಡೆ ಆ ನಾಡಿನ ದೊರೆ ಯಾರು, ಅವನ ಬಲವೇನು, ಅಲ್ಲಿಯ ರೀತಿಯೇನು ಎಂಬ ವರ್ಣನೆ ಬರುತ್ತದೆ. ಕೂಲಿಮಠದ ಹುಡುಗನಿಗೆ ಅದೇ ಭೂಗೋಳ. ಕುದುರೆಯ ಹಿಂದೆ ಸೈನ್ಯವಿತ್ತು ಎಂಬುದನ್ನು ಮರೆಯತಕ್ಕದ್ದಲ್ಲ.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಹುಟ್ಟಿದ್ದು 1857ರಲ್ಲಿ. 1868ರಲ್ಲಿ ಹೋಬಳಿಗೊಂದು ಪಾಠಶಾಲೆಯಾಗಬೇಕೆಂಬ ಯೋಜನೆ ಬಂದಿತು. ಅದನ್ನು ಹಾಕಿದವನು ಬಿ. ಎಲ್. ರೈಸ್. ನಮ್ಮ ಹಳ್ಳಿಗಳಿಗೆ ಸೀಮೆಸುಣ್ಣವೂ ಭೂಪಟವೂ ಬಂದದ್ದು ಈ ದಾರಿಯಿಂದ. ಈ ರೈಸನ ಸೀಮೆಯಾದರೂ ಯಾವುದು? ಹುಟ್ಟಿದ್ದು 1837ರಲ್ಲಿ ಬೆಂಗಳೂರಿನಲ್ಲಿ, ಪಾದ್ರಿಯ ಮಗನಾಗಿ. ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚುಹಾಕಿಸಿದ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 1898ರ ನಾಲ್ಕನೆಯ ಸಂಪುಟದಲ್ಲಿವೆ. ನಮ್ಮ ಊರಿನ ಕಲ್ಲುಗಳು ಏನು ಹೇಳುತ್ತವೆ ಎಂಬುದನ್ನು ನಾನು ತಿಳಿದದ್ದು ಬೆಂಗಳೂರಿನಲ್ಲಿ ಹುಟ್ಟಿದ ಈ ಪರಂಗಿಯವನಿಂದ. 1906ರಲ್ಲಿ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋಗಿ ನೆಲೆಸಿದ. ಊರಿಗೆ ಹಿಂದಿರುಗಿದ ಎನ್ನೋಣವೆ, ಊರು ಬಿಟ್ಟು ಹೋದ ಎನ್ನೋಣವೆ?

ಇನ್ನು ಗಡಿಯ ಕಥೆಗೆ ಬರಬೇಕು. 1799ರಲ್ಲಿ ಟಿಪ್ಪುವಿನ ರಾಜ್ಯ ಹಂಚಿಹೋದಾಗ ಕೊಳ್ಳೇಗಾಲವು ಕೊಯಮತ್ತೂರಿನೊಡನೆ ಕಂಪನಿಯ ಪಾಲಾಯಿತು. ಅರಿಕುಠಾರ, ಗುಂಡ್ಲುಪೇಟೆಗಳು ಮೈಸೂರಿಗೆ ಉಳಿದುವು. ನಡುವಿನ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಕೊಳ್ಳೇಗಾಲದಲ್ಲಿ ಊಟ ಮಾಡಿ ಎತ್ತಿನ ಗಾಡಿ ಹತ್ತಿದವನು ಚಾಮರಾಜನಗರ ಮುಟ್ಟುವುದರೊಳಗೆ ಮೂರು ಆಡಳಿತಗಳ ನೆಲವನ್ನು ತುಳಿಯಬೇಕಾಗಿತ್ತು. ಆಡುವ ಮಾತು ಮಾತ್ರ ಉದ್ದಕ್ಕೂ ಒಂದೇ. ಚಾಮರಾಜನಗರದ ಶಾಲೆಯ ಮಕ್ಕಳು ಬಸವಪ್ಪಶಾಸ್ತ್ರಿಗಳು ರಚಿಸಿದ ಮೈಸೂರು ಸಂಸ್ಥಾನದ ಗೀತೆಯನ್ನು ಹಾಡಿ ಮಹಾರಾಜರಿಗೆ ಕೈಮುಗಿಯುತ್ತಿದ್ದ ಕಾಲದಲ್ಲಿ ಕೊಳ್ಳೇಗಾಲದ ಮಕ್ಕಳಿಗೆ ಸರ್ಕಾರವೆಂದರೆ ಮದರಾಸು, ಜಿಲ್ಲೆಯೆಂದರೆ ಕೊಯಮತ್ತೂರು. ಎರಡು ಕಡೆಯ ಮಕ್ಕಳೂ ಮಾದೇಶ್ವರನ ಒಕ್ಕಲೇ. ಮಾದಪ್ಪನ ಬೆಟ್ಟದ ದಾರಿಯಲ್ಲಿ ಸೇರಿದಾಗ ಪರಸ್ಪರ ಪರಿಚಯಕ್ಕೆ ಯಾವ ಶಾಲೆಯ ಸಹಾಯವೂ ಬೇಕಾಗಿರಲಿಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅದರ ತೆಂಕಣ ಪಡುವಣಕ್ಕಿರುವ ತಾಳವಾಡಿ ಸೀಮೆ ಸೇರಲಿಲ್ಲ. ಆಗ ಕೊಯಮತ್ತೂರಿನಲ್ಲೇ ಉಳಿದು, 1979ರಲ್ಲಿ ಆ ಜಿಲ್ಲೆ ಒಡೆದಾಗ ಈಗಿನ ಈರೋಡು ಜಿಲ್ಲೆಯ ಪಾಲಾಯಿತು. ಭೂಪಟವನ್ನು ನೋಡಿದರೆ ತಾಳವಾಡಿಯ ಪಾಡು ತಿಳಿಯುತ್ತದೆ. ಅದು ನಮ್ಮ ಬಯಲಿನ ಮುಂದುವರಿದ ಭಾಗ. ತನ್ನ ಜಿಲ್ಲೆಯ ಕಡೆಗೆ ಹೋಗಬೇಕಾದರೆ ಕಾಡು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲ ಸೇರಬೇಕು. ಚಾಮರಾಜನಗರಕ್ಕೆ ನೇರ ಬಯಲುದಾರಿ. ರಾಜ್‌ಕುಮಾರರ ಗಾಜನೂರು ಇರುವುದು ಅಲ್ಲಿಯೇ. 2000ದ ಜುಲೈ 30ರ ರಾತ್ರಿ ಅವರನ್ನು ಆ ಮನೆಯಿಂದ ಒಯ್ದಾಗ ‘ಗಾಜನೂರು ತಮಿಳುನಾಡಿನಲ್ಲಿದೆಯೆ?’ ಎಂದು ಬೆಂಗಳೂರಿನ ಎಷ್ಟೋ ಮಂದಿ ಬೆರಗಾದರು. ಕನ್ನಡಿಗರಿಗೆಲ್ಲ ಕನ್ನಡದ ಗುರುತಾಗಿದ್ದವರ ಊರು ಕರ್ನಾಟಕದ ನಕ್ಷೆಯೊಳಗಿಲ್ಲ!

ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. 2006ರಲ್ಲಿ ತಮಿಳುನಾಡು ಸರ್ಕಾರ ತಮಿಳು ಕಲಿಕೆಯ ಕಾಯಿದೆಯನ್ನು ತಂದಿತು. ಆ ವರ್ಷ ಒಂದನೆಯ ತರಗತಿಗೆ ಸೇರಿದವರಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹೋಗಿ, 2015-16ಕ್ಕೆ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಲು ಹತ್ತಿ ವಿನಾಯಿತಿಗಳನ್ನೂ ಪಡೆದರು. ಬಾಳುವ ರಾಜ್ಯದ ಭಾಷೆಯನ್ನು ಮಗು ಕಲಿಯುವುದು ತಪ್ಪಲ್ಲ. ನಮ್ಮ ಕಡೆಯ ತಮಿಳು ಮಕ್ಕಳು ಕನ್ನಡ ಕಲಿಯಬೇಕೆಂದು ನಾವೇ ಹೇಳುವುದಿಲ್ಲವೆ? ಆದರೆ ಕಲಿಯುವುದು ಬೇರೆ, ಮನೆಮಾತಿಗೆ ತರಗತಿಯಲ್ಲಿ ಜಾಗ ಕಿರಿದಾಗುವುದು ಬೇರೆ. ಈ ಭಯ ಗಡಿಯ ಎರಡು ಕಡೆಯ ಅಲ್ಪಸಂಖ್ಯಾತರಿಗೂ ಒಂದೇ ಎಂಬುದನ್ನು ನಮ್ಮ ಭಾಷಣಕಾರರು ನೆನಪಿಟ್ಟರೆ ಒಳ್ಳೆಯದು.

ತಾಳವಾಡಿಯ ಕೆಲವರು ಮುಂದಿನ ಓದಿಗೆ ಚಾಮರಾಜನಗರಕ್ಕೆ ಬರುತ್ತಾರೆ. ವರ್ಷದ ಮೊದಲ ವಾರದಲ್ಲಿ ನಾನು ವಿದ್ಯಾರ್ಥಿಗಳಿಂದ ತಮ್ಮ ಊರಿನ ಪರಿಚಯವನ್ನು ಒಂದು ಪುಟದಲ್ಲಿ ಬರೆಸುವ ರೂಢಿಯಿಟ್ಟುಕೊಂಡಿದ್ದೇನೆ. ಆ ಕಡೆಯ ಹುಡುಗಿಯೊಬ್ಬಳು ಜಿಲ್ಲೆ, ರಾಜ್ಯ ಒಂದನ್ನೂ ಹೆಸರಿಸದೆ ‘ನಮ್ಮದು ತಾಳವಾಡಿ ಸೀಮೆ’ ಎಂದು ಆರಂಭಿಸಿ, ಆಲೂಗಡ್ಡೆ, ಎಲೆಕೋಸುಗಳ ಸಂತೆಯ ವರ್ಣನೆಗೆ ಇಳಿದುಬಿಟ್ಟಿದ್ದಳು. ಪಕ್ಕದಲ್ಲಿ ಕುಳಿತವಳು ‘ಹಂಗಾರ ನೀನು ತಮಿಳವಳಾ?’ ಎಂದಳು. ‘ಒಂದ್ಸಲ ನಮ್ಮೂರ್ಗ ಬಾ, ಆಮೇಲ ಕೇಳು’ ಎಂದು ಇವಳ ಉತ್ತರ.

ತಾಳವಾಡಿಯವಳಿಗೆ ಊರುಂಟು, ಅದರ ರಾಜ್ಯದ ಹೆಸರು ಹೇಳಲು ಸಂಕೋಚ. ಇದೇ ಜಿಲ್ಲೆಯಲ್ಲಿ ದೇಶದ ಹೆಸರನ್ನು ಸ್ಪಷ್ಟವಾಗಿ ಹೇಳಬಲ್ಲ, ಆದರೆ ಅದನ್ನು ಕಾಣದ ಮಕ್ಕಳೂ ಇದ್ದಾರೆ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿದರು. ಮೈಸೂರು ರಾಜ್ಯವು 1960ರಲ್ಲಿ ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ಮುಂಡಗೋಡು, ಹುಣಸೂರುಗಳಲ್ಲಿ ಮತ್ತೆ ವಸತಿಗಳಾದುವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರ ತರುವಾಯ, 1974ರ ಸುಮಾರಿನಲ್ಲಿ, ಆಗಿನ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯದ ಬಳಿ ಧೊಂಡೆನ್‌ಲಿಂಗ್ ಎಂಬ ವಸತಿ ನೆಲೆಗೊಂಡಿತು. ಈಗ ಅದು ಹನೂರು ತಾಲ್ಲೂಕು. ಇವರ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1961ರಲ್ಲೇ ಪ್ರತ್ಯೇಕ ಶಾಲೆಗಳ ಏರ್ಪಾಡು ಮಾಡಿದ್ದಿತು. ಹಿಮದ ನಾಡಿನವರು ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಊರುಗಳಿಗೆ ಹೆಸರಿಡಲು ಪುರಾಣವೂ ಇಲ್ಲ, ಪಾಳೆಯಗಾರನೂ ಇಲ್ಲ. ಇಂಗ್ಲಿಷ್ ಅಕ್ಷರಗಳನ್ನೇ ಒಂದೊಂದು ಹಳ್ಳಿಗೆ ಇಟ್ಟುಕೊಂಡರು.

ಒಮ್ಮೆ ಆ ಕಡೆ ಹೋದಾಗ ಅಂಗಡಿಯೊಂದರಲ್ಲಿ ಕುಳಿತಿದ್ದ ಹುಡುಗನನ್ನು ಮಾತಿಗೆಳೆದೆ. ಶಾಲೆಯ ಸಮವಸ್ತ್ರದಲ್ಲಿದ್ದ, ಹದಿನಾಲ್ಕಿರಬಹುದು. ಯಾವ ಊರು ಎಂದರೆ ಒಂದು ಅಕ್ಷರವನ್ನು ಹೇಳಿದ. ದೇಶ ಯಾವುದು ಎಂದೆ. ‘ಟಿಬೆಟ್’ ಎಂದ, ಅಪ್ಪಟ ಕೊಳ್ಳೇಗಾಲದ ಕನ್ನಡದಲ್ಲಿ. ನೋಡಿದ್ದೀಯಾ ಎಂದೆ. ‘ನಮ್ಮಜ್ಜಿ ನೋಡವ್ರೆ.’ ಇಷ್ಟಕ್ಕೆ ನನ್ನ ಪ್ರಶ್ನೆ ಮುಗಿಯಿತು; ಅವನದು ಮೊದಲಾಯಿತು. ‘ನಿಮ್ದು ಯಾವೂರು ಸರ್?’ ಚಾಮರಾಜನಗರ ಎಂದೆ. ‘ನಿಮ್ಮಜ್ಜಿ ಊರು?’ ನನ್ನ ಅಜ್ಜಿಯ ಊರು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ. ಒಂದು ಕಾಲಕ್ಕೆ ದೊಡ್ಡ ಪಟ್ಟಣವೆನಿಸಿದ್ದ ಊರು. ನಮ್ಮ ಮನೆ ಅಲ್ಲಿ ಉಳಿದಿಲ್ಲ. ನಾನು ಬಾಳಿದವನೂ ಅಲ್ಲ. ಹಾಗೆಂದು ಹೇಳಿದಾಗ ಹುಡುಗ ತಲೆಯಾಡಿಸಿದ. ತೆರಕಣಾಂಬಿಗೆ ಬಸ್ಸು ಹತ್ತಿದರೆ ಅರ್ಧ ದಿನ, ಅವನ ಅಜ್ಜಿಯ ಊರಿಗೆ ದಾರಿಯೇ ಇಲ್ಲ ಎಂಬ ಅಂತರವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸರ್ಕಾರವೇ ಯೋಚಿಸಿ ಮಾಡಿದ ವಿನಿಮಯವೂ ಒಂದುಂಟು. 1986ರ ಶಿಕ್ಷಣ ನೀತಿಯೊಡನೆ ದೇಶದಲ್ಲೆಲ್ಲ ಹರಡಿದ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಗೆ ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಮಕ್ಕಳನ್ನು ಹಿಂದಿಯ ನಾಡಿನಿಂದ ಹಿಂದಿಯಲ್ಲದ ನಾಡಿಗೂ, ಇಲ್ಲಿಂದ ಅಲ್ಲಿಗೂ ಒಂದು ವರ್ಷ ಕಳುಹಿಸುವ ಕ್ರಮವಿದೆ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಇರುವುದು ಹೊಂಡರಬಾಳಿನಲ್ಲಿ. ಪರದೆಯ ಮೇಲಿನ ಪರಿಚಯಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಒಂದು ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವನ ಮುಂದೆ ರಾಷ್ಟ್ರಪಕ್ಷಿಯ ವಿಚಾರ ಎಷ್ಟು ಹೊತ್ತು ನಡೆದೀತು? ಎರಡನೆಯ ದಿನಕ್ಕೇ ಮುದ್ದೆ ನುಂಗುವುದು ಹೇಗೆ, ರೊಟ್ಟಿಗೆ ಇಷ್ಟು ತುಪ್ಪ ಏಕೆ ಎಂಬ ಮಾತು ಬಂದೇ ಬರುತ್ತದೆ. ಈ ಕ್ರಮದ ಬಗ್ಗೆ ನಮ್ಮ ಪತ್ರಿಕೆಗಳು ಬರೆದದ್ದು ಕಡಮೆ. ಹೊರದೇಶದ ಶಾಲೆಯೊಡನೆ ಅರ್ಧಗಂಟೆ ಮಾತನಾಡಿದರೆ ಭಾವಚಿತ್ರ ಅಚ್ಚಾಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತನ್ನು ಹೇಳದೆ ಈ ಲೇಖನ ಮುಗಿಯದು. ಅವರ ಮಕ್ಕಳಿಗೆ ಶಾಲೆಯೆಂಬುದು ಹತ್ತಿರವಾದದ್ದು ಡಾ. ಎಚ್. ಸುದರ್ಶನರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಮೇಲೆ. ಈ ಜನವನ್ನು ಪ್ರಶ್ನೆ ಕೇಳಿದವರಿಗೆ ಲೆಕ್ಕವಿಲ್ಲ. ಅರಣ್ಯದವರು ಕೇಳಿದರು, ಜನಗಣತಿಯವರು ಕೇಳಿದರು, ಹಾಡು ಕಥೆಗಳನ್ನು ಬರೆದುಕೊಳ್ಳಲು ಹೋದ ನನ್ನಂಥ ಕನ್ನಡ ಮೇಷ್ಟರುಗಳೂ ಕೇಳಿದರು. ಕೇಳಿ ಕೇಳಿ ಬರೆದುಕೊಂಡ ಮೇಲೆ, ಅವರಿದ್ದ ಕಾಡು ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ರಕ್ಷಿತಾರಣ್ಯವೂ ಆಯಿತು. ಈ ನಡುವೆ ಸೋಲಿಗರು ಸಂಶೋಧಕರನ್ನು ಜೊತೆಗಿಟ್ಟುಕೊಂಡು ತಮ್ಮ ಕಾಡಿನ ನಕ್ಷೆಯನ್ನು ತಾವೇ ಬರೆಸಿದರು. ಹಿರಿಯರು ಮುಂದೆ ನಡೆದು ತೋರಿಸಿದ್ದನ್ನು ಯಂತ್ರ ಗುರುತು ಹಾಕಿಕೊಂಡಿತು. ಕುಲಕುಲಕ್ಕೆ ಸೇರಿದ ಎಲ್ಲೆಗಳು. ಎಲ್ಲೆಯೊಳಗೆ ದೇವರು, ಮಾರಮ್ಮ, ಕಲ್ಲುಗುಡಿ, ವೀರು, ಅಬ್ಬಿ. ದೊಡ್ಡಸಂಪಿಗೆಯ ಮರವನ್ನು ಮಾತ್ರ ಬಲ್ಲ ಯಾತ್ರಿಕರಿಗೆ ಈ ನಕ್ಷೆ ಬೇರೆಯೇ ಒಂದು ನಾಡನ್ನು ತೋರಿಸುತ್ತದೆ. 2011ರಲ್ಲೇ ಅರಣ್ಯದ ಮೇಲಿನ ಸಾಮುದಾಯಿಕ ಹಕ್ಕು ಅವರಿಗೆ ದೊರೆಯಿತು. ಹುಲಿ ರಕ್ಷಿತಾರಣ್ಯವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಮೆಕೆಂಜಿಯ ಕಾಲದಲ್ಲಿ ನಕ್ಷೆ ಕೇಳುವವನ ಕೈಯಲ್ಲಿತ್ತು. ಇಲ್ಲಿ ಹೇಳುವವನ ಕೈಗೆ ಬಂದಿತು.

ಪೋಡಿನಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ಊರಿನ ಪರಿಚಯ ಬರೆಯಿರೆಂದಾಗ ಬರೆಯುವುದನ್ನು ಬಿಟ್ಟು ಆ ನಕ್ಷೆಯ ಪ್ರತಿಯೊಂದನ್ನು ತಂದಿದ್ದ. ಪಾಠ ಮುಗಿದ ಮೇಲೆ ನಾಲ್ಕೈದು ಮಂದಿ ಬೆಂಚಿನ ಸುತ್ತ ಕವಿದರು. ತನ್ನ ಕುಲದ ಎಲ್ಲೆ ಯಾವುದು, ನೀರು ಎಲ್ಲಿ ಹುಟ್ಟುತ್ತದೆ, ಜೇನು ಯಾವ ಕಡೆ ಎಂದು ಅವನು ಬೆರಳಿಟ್ಟು ತೋರಿಸುತ್ತಿದ್ದ. ತಾಳವಾಡಿಯ ಹುಡುಗಿ ಬಹಳ ಹೊತ್ತು ನೋಡಿ, ‘ನಮ್ಮ ಕಡೇಲೂ ಸೋಲಿಗ್ರು ಅವ್ರೆ, ನಮ್ಮೂರು ಎಲ್ಲಿ?’ ಎಂದಳು. ಕಾಗದ ರಾಜ್ಯದ ಗಡಿಗೇ ಮುಗಿದಿದ್ದಿತು. ಅವನು ಬೆರಳನ್ನು ಕಾಗದದ ಕೆಳಅಂಚಿನಿಂದಾಚೆಗೆ ಜಾರಿಸಿ, ಬೆಂಚಿನ ಹಲಗೆಯ ಮೇಲೆ ಒಂದು ಗೇಣಿನಷ್ಟು ದೂರಕ್ಕೆ ಒಯ್ದು, ‘ಇಲ್ಲಿ ಬತ್ತದ’ ಎಂದ. ಅವಳು ಅಲ್ಲಿಗೆ ಸೀಮೆಸುಣ್ಣದಿಂದ ಒಂದು ಚುಕ್ಕೆಯಿಟ್ಟು, ಮುಂದಿನ ಹಳ್ಳಿಯ ಹೆಸರು ಹೇಳತೊಡಗಿದಳು.